ತಮ್ಮನ ಕರಡಿಗೆ

ಗಿರಣಿ ಅಕ್ಕನ ಕಣ್ಣಿನ ರೆಪ್ಪೆಗಳು ಬೆಳ್ಳಗಿದ್ದವು. ಹುಬ್ಬು, ಹಣೆಯ ಮೇಲಿನ ಸಣ್ಣ ಕೂದಲು, ಕಿವಿಯ ಬೆಂಡೋಲೆಯ ಹರಳಿನ ಸಂದು, ಎಲ್ಲ ಕಡೆ ಹಿಟ್ಟು. ಸಂಜೆ ಮೋಟಾರು ನಿಲ್ಲಿಸಿ ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದರೆ ಅವಳ ತಂಗಿಯೇ ಬಂದು ನಿಂತಂತೆ ಕಾಣುತ್ತಿತ್ತು. ದನಿ ಮಾತ್ರ ತೊಳೆದರೆ ಹೋಗುವಂಥದ್ದಾಗಿರಲಿಲ್ಲ. ಬೆಲ್ಟು, ಕಲ್ಲು, ಮೋಟಾರಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಮೆಲ್ಲಗೆ ಮಾತಾಡುವುದೇ ಅವಳಿಗೆ ಮರೆತುಹೋಗಿತ್ತು. ಆಕೆ ಗುಟ್ಟು ಹೇಳಿದರೆ ಬೈಲಹೊಂಗಲದ ಬಜಾರದವರೆಗೂ ಕೇಳುತ್ತದೆ ಎಂದು ನನ್ನ ಅಪ್ಪ ನಗುತ್ತಿದ್ದರು.

ನಮ್ಮ ಮನೆಗೂ ಅವಳ ಗಿರಣಿಗೂ ನಡುವೆ ಒಂದೇ ಗೋಡೆ. ನಾನು ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಿದ್ದೆ. ಮೊದಲು ಕಿತ್ತೂರಿನಲ್ಲಿ, ತೊಂಬತ್ತರ ದಶಕದ ಕೊನೆಗೆ ಬೈಲಹೊಂಗಲದಲ್ಲೇ. ಶಾಲೆಯಿಂದ ಬಂದು ಚಹಾ ಕುಡಿಯುವಾಗ ಗೋಡೆಯಾಚೆಯಿಂದ ಅವಳ ಬೈಗುಳ ಕೇಳಿದರೆ ನನಗೆ ದಿನ ಸರಿಯಾಗಿದೆ ಎನಿಸುತ್ತಿತ್ತು. ಯಾರಾದರೂ ಡಬ್ಬಿ ತುಂಬ ಜೋಳ ತಂದರೆ ಮೊದಲು ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದು ನೋಡುತ್ತಿದ್ದಳು. ಹಸಿ ಎನಿಸಿದರೆ ಡಬ್ಬಿ ವಾಪಸ್ಸು. "ಇದನ್ನ ಬೀಸಿದ್ರ ಕಲ್ಲಿಗೆ ಮೆತ್ತಿಕೊಳ್ಳತೈತಿ. ನಾಳೆ ರೊಟ್ಟಿ ಹರಿದ್ರ ನನ್ನ ಹೆಸರು ಹೇಳತೀ. ಬಿಸಲಿಗೆ ಹಾಕಿ ತಾ, ಹೋಗು." ಒಮ್ಮೆ ದೊಡ್ಡ ಮನೆಯವರೊಬ್ಬರು ಆಳಿನ ಕೈಯಲ್ಲಿ ಗೋಧಿ ಕಳಿಸಿ, ಮೊದಲು ತಮ್ಮದು ಬೀಸಬೇಕೆಂದು ಹೇಳಿಸಿದ್ದರು. "ಅವರ ಗೋಧಿಗೆ ನನ್ನ ಹತ್ರ ಬ್ಯಾರೆ ಕಲ್ಲಿಲ್ಲ. ಸರತಿಗೆ ಇಡು" ಎಂದಳು. ಆ ಆಳು ನಕ್ಕು ಚೀಲ ಇಳಿಸಿದ.

ಬೆಳಿಗ್ಗೆ ಎಷ್ಟೇ ಜನ ಕಾದಿದ್ದರೂ ಪೂಜೆಯಾಗದೆ ಅವಳು ಸ್ವಿಚ್ಚು ಒತ್ತುತ್ತಿರಲಿಲ್ಲ. ಒಳಕೋಣೆಯಲ್ಲಿ ಮಣೆಯ ಮೇಲೆ ಕೂತು ಕೊರಳಿನ ಬೆಳ್ಳಿಯ ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ದಿನದಲ್ಲಿ ಅವಳು ಸುಮ್ಮನಿರುತ್ತಿದ್ದ ಹೊತ್ತು ಅದೊಂದೇ.

ಅವಳಿಗೆ ಒಬ್ಬನೇ ತಮ್ಮ. ಅವನನ್ನು ಹೆತ್ತು ಬಾಣಂತನದಲ್ಲೇ ತಾಯಿ ತೀರಿಕೊಂಡಿದ್ದರು. ಊರು ಮುರಗೋಡ. ಆಗಿನ್ನೂ ಲಂಗ ಹಾಕುತ್ತಿದ್ದ ಈಕೆಯೇ ಕೂಸಿಗೆ ಹಾಲು ಕುಡಿಸಿ, ಎರೆದು, ತೊಟ್ಟಿಲು ತೂಗಿದವಳು. ಮುಂದೆ ಕೋಟೆಯ ಊರು ತೊರಗಲ್ಲಿಗೆ ಮದುವೆ ಮಾಡಿಕೊಟ್ಟರು. ತಮ್ಮನನ್ನೂ ಕರೆದುಕೊಂಡೇ ಹೋದಳು. ಗಂಡನ ಮನೆಯವರು ಕೆಲವು ತಿಂಗಳು ಸಹಿಸಿಕೊಂಡು, ಆಮೇಲೆ ಹುಡುಗನನ್ನು ತವರಿಗೆ ಬಿಟ್ಟು ಬಾ ಎಂದರು. ಬಿಟ್ಟು ಬರಲು ಹೋದವಳು ತಾನೂ ತಿರುಗಿ ಹೋಗಲಿಲ್ಲ. "ಅವರ ಊರಾಗ ದೊಡ್ಡ ಕ್ವಾಟಿ ಐತಿ ತಂಗಿ. ಒಂದು ಕೂಸಿಗೆ ಜಾಗಾ ಇರಲಿಲ್ಲ ನೋಡು" ಎಂದು ನನಗೆ ಹೇಳಿದ್ದಳು. ಅವಳ ಅಪ್ಪ ಒಂದು ತುಂಡು ಹೊಲ ಮಾರಿ ಬೈಲಹೊಂಗಲದಲ್ಲಿ ಈ ಗಿರಣಿ ಹಾಕಿಕೊಟ್ಟರು.

ತಮ್ಮ ಓದಿನಲ್ಲಿ ಸಾಧಾರಣ, ಸ್ವಭಾವದಲ್ಲಿ ಬಂಗಾರ. ಅಕ್ಕನ ದನಿಯೆಲ್ಲ ಅಕ್ಕನಿಗೇ ಖರ್ಚಾಗಿ ಅವನಿಗೆ ಏನೂ ಉಳಿದಿರಲಿಲ್ಲವೇನೋ, ಅಷ್ಟು ಮೆತ್ತಗೆ ಮಾತಾಡುತ್ತಿದ್ದ. ಸವದತ್ತಿಯ ಗೆಳೆಯನೊಬ್ಬ ಮುಂಬೈಯ ಬಟ್ಟೆ ಅಂಗಡಿಯಲ್ಲಿ ಕೆಲಸ ಕೊಡಿಸಿದ. ಇಬ್ಬರೂ ಒಂದೇ ಖೋಲಿಯಲ್ಲಿದ್ದರು, ದಿನವೂ ಒಂದೇ ಲೋಕಲ್ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಅಕ್ಕನ ಮನೆಯಲ್ಲಿ ಫೋನು ಇರಲಿಲ್ಲ. ರವಿವಾರ ನಮ್ಮ ಮನೆಗೆ ಫೋನು ಮಾಡುತ್ತಿದ್ದ. ಅಕ್ಕ ರಿಸೀವರನ್ನು ಮುಖದಿಂದ ಮೊಳ ದೂರ ಹಿಡಿದು ಕೂಗುತ್ತಿದ್ದಳು: "ಉಂಡೀ? ಪೂಜಾ ಮಾಡೀ? ಜಳಕಾ ಮಾಡದ ಹಂಗ ಅಂಗಡಿಗೆ ಹೋಗಿದ್ರ ನೋಡು ಮತ್ತ!" ಇಪ್ಪತ್ತೈದು ದಾಟಿದ ಗಂಡಸು ಅತ್ತ ಏನು ಹೇಳುತ್ತಿದ್ದನೋ, ಈಕೆ ನಗುತ್ತ ಫೋನು ಇಡುತ್ತಿದ್ದಳು.

ಆ ವರ್ಷಗಳಲ್ಲಿ ಮುಂಬೈಯ ಬಸ್ಸುಗಳಲ್ಲಿ, ರೈಲುಗಳಲ್ಲಿ ಒಂದಾದ ಮೇಲೆ ಒಂದರಂತೆ ಬಾಂಬ್ ಸಿಡಿಯುತ್ತಿದ್ದವು. ಅಂಥ ಒಂದು ಸಂಜೆ ಟೀವಿಯಲ್ಲಿ ಸೀಳಿಹೋದ ರೈಲಿನ ಡಬ್ಬಿ ತೋರಿಸಿದರು. ನಾನು ಗೋಡೆ ಬಡಿದು ಅಕ್ಕನನ್ನು ಕರೆದೆ. ಮೋಟಾರು ನಿಲ್ಲಿಸದೆ ಓಡಿ ಬಂದಳು. ಅತ್ತ ಕಲ್ಲು ಬರಿದೇ ತಿರುಗುತ್ತಿತ್ತು. ಫೋನಿನ ಪಕ್ಕ ನೆಲದ ಮೇಲೆ ಕೂತಳು. ಮುಂಬೈಗೆ ಲೈನು ಸಿಗಲಿಲ್ಲ. ಮರುದಿನ ಸವದತ್ತಿಯ ಗೆಳೆಯ ಫೋನು ಮಾಡಿ ನನ್ನ ಹತ್ತಿರ ಅಳುತ್ತ ಮಾತಾಡಿದ. ಹಿಂದಿನ ಸಂಜೆ ಅವನಿಗೆ ಅಂಗಡಿಯಲ್ಲಿ ತಡವಾಗಿ, ಅಕ್ಕನ ತಮ್ಮನೊಬ್ಬನೇ ಮುಂಚಿನ ರೈಲು ಹತ್ತಿದ್ದ.

ಯಾವನೋ ಒಬ್ಬ ಸಾಮಾನಿಡುವ ಹಲಗೆಯ ಮೇಲೆ ಚೀಲ ಇಟ್ಟು ಮುಂದಿನ ಸ್ಟೇಶನ್ನಿನಲ್ಲಿ ಇಳಿದುಹೋದ. ಆ ಚೀಲದ ಕೆಳಗೆ ಕೂತವರ ಮುಖ ಅವನು ನೋಡಿರಲೇಬೇಕು. ದಣಿದು ಮನೆಗೆ ಹೊರಟವರು, ತೂಕಡಿಸುವವರು, ಸೊಪ್ಪಿನ ಕಟ್ಟು ಹಿಡಿದವರು. ನೋಡಿಯೂ ಇಟ್ಟ. ಅವನಿಗೆ ಯಾರ ಮೇಲೆ ಏನು ಸಿಟ್ಟಿತ್ತೋ, ಯಾವ ದೇವರ ಹೆಸರು ಹೇಳಿಕೊಂಡನೋ, ನನಗೆ ತಿಳಿಯಬೇಕಾಗಿಲ್ಲ. ಮುಖಾಮುಖಿ ನಿಂತು ಜಗಳಾಡಲಾರದ ಹೇಡಿ ಅವನು. ಇದಕ್ಕಿಂತ ದೊಡ್ಡ ಬೈಗುಳ ನನಗೆ ಬರುತ್ತದೆ, ಅಕ್ಕನ ಹತ್ತಿರವೇ ಕಲಿತದ್ದು. ಆದರೆ ಅದು ಅಚ್ಚಿಗೆ ಹೋಗುವಂಥದ್ದಲ್ಲ.

ಹೆಣ ಅಂಬುಲೆನ್ಸಿನಲ್ಲಿ ನೇರ ಮುರಗೋಡಕ್ಕೆ ಬಂತು. ನಮ್ಮಲ್ಲಿ ಸತ್ತವರನ್ನು ಕೂಡಿಸಿ, ಎಡಗೈಯಲ್ಲಿ ಅವರ ಲಿಂಗವನ್ನಿಟ್ಟು ಮಣ್ಣು ಮಾಡುತ್ತಾರೆ. ಹುಟ್ಟಿದಾಗ ಕಟ್ಟಿದ ಲಿಂಗ ಮನುಷ್ಯನ ಜೊತೆಗೇ ಮಣ್ಣಿಗೆ ಹೋಗಬೇಕು. ಜೊತೆಗೆ ಬಂದಿದ್ದ ಗೆಳೆಯ, ಸುತ್ತಿದ್ದನ್ನು ಬಿಚ್ಚಬೇಡಿ ಎಂದು ಎಲ್ಲರ ಕೈಕಾಲು ಹಿಡಿದ. ಅಕ್ಕ ಅವನನ್ನು ಪಕ್ಕಕ್ಕೆ ಸರಿಸಿ ಕೊರಳಿನ ತನಕ ಬಿಚ್ಚಿದಳು. ಕೈ ಹಾಕಿ ತಡಕಿದಳು. ಮತ್ತೆ ತಡಕಿದಳು.

"ಲಿಂಗ ಎಲ್ಲೈತಿ?" ಎಂದಳು.

ಗೆಳೆಯ ತಲೆ ತಗ್ಗಿಸಿದ. "ಪೊಲೀಸ್ರು ಇಟ್ಟುಕೊಂಡಾರಕ್ಕಾ. ಗಡಿಯಾರ, ಪಾಕೀಟು ಕೊಟ್ರು. ಕರಡಿಗಿ ಕೊಡಲಿಲ್ಲ. ಏನಂತ ಕೇಳಿದ್ರು, ಹೇಳಿದೆ. ಅವರಿಗೆ ತಿಳೀಲಿಲ್ಲ."

ಊರಿನ ಹಿರಿಯ ಅಯ್ಯನವರು ಒಳ್ಳೆಯವರು. ಇನ್ನೂ ತಡ ಮಾಡುವಂತಿಲ್ಲ, ಬೇರೆ ಲಿಂಗ ಕೊಡುತ್ತೇನೆ, ಗುರು ಕೊಟ್ಟರೆ ಅದೂ ಅವನದೇ ಎಂದು ಸಮಾಧಾನ ಹೇಳಿದರು. ಕೂಡಿಸಲೂ ಆಗಲಿಲ್ಲ, ಮಲಗಿಸಿಯೇ ಹೊಸ ಲಿಂಗವನ್ನಿಟ್ಟು ಮಣ್ಣು ಹಾಕಿದರು. ಅಕ್ಕ ಅಳಲಿಲ್ಲ. "ಅರ್ಧಾ ತಮ್ಮನ್ನ ಕಳಿಸ್ಯಾರ. ಉಳಿದದ್ದು ನಾ ತರತೇನಿ" ಎಂದಳು, ಊರೆಲ್ಲ ಕೇಳುವ ಹಾಗೆ.

ವಾರದೊಳಗೆ ಬೈಲಹೊಂಗಲದಲ್ಲಿ ಬಂದ್ ಎಂದರು. ಕೊರಳಿಗೆ ಶಾಲು ಹಾಕಿದ ಒಬ್ಬ ಮುಂದಾಳು ಹತ್ತಾರು ತರುಣರನ್ನು ಕಟ್ಟಿಕೊಂಡು ಗಿರಣಿಗೆ ಬಂದ. ತಮ್ಮನ ಫೋಟೋ ಬೇಕಂತೆ, ಜೀಪಿಗೆ ಕಟ್ಟಿ ಮೆರವಣಿಗೆ ಮಾಡುತ್ತಾರಂತೆ, ಗಿರಣಿ ಮುಚ್ಚಬೇಕಂತೆ. ಅವರಲ್ಲೊಬ್ಬ ಆಗಲೇ ಗೋಡೆಯ ಫೋಟೋ ಇಳಿಸಿ ಬಗಲಲ್ಲಿ ಇಟ್ಟುಕೊಂಡಿದ್ದ. ಅಕ್ಕ ಅದನ್ನು ಕಿತ್ತುಕೊಂಡಳು.

"ನನ್ನ ತಮ್ಮ ಸತ್ತದ್ದು ನನಗ. ನಿಮಗೇನು ಹಬ್ಬ ಬಂದೈತಿ? ಬದುಕಿದ್ದಾಗ ಅವ್ನ ಹೆಸರ ಗೊತ್ತಿತ್ತೇನು ನಿನಗ?"

"ಹಂಗಲ್ಲಕ್ಕಾ, ಅವರಿಗೆ ಪಾಠ ಕಲಿಸಬೇಕು" ಎಂದ ಮುಂದಾಳು.

"ಯಾರಿಗೆ? ಇಲ್ಲಿ ಕಲ್ಲಿಗೆ ಟಾಕಿ ಹೊಡಿಯೂ ಮುದುಕಗೇನು? ಬಾಂಬ್ ಇಟ್ಟಾವ ಈ ಬಜಾರದಾಗ ಕುಂತಾನೇನು? ಕೈಲಾದ್ರ ಮುಂಬೈಗೆ ಹೋಗಿ ಅವ್ನ ಲಿಂಗ ತಗೊಂಡು ಬಾ. ಆಗಾಕಿಲ್ಲಂದ್ರ ಬಾಗಲಾ ಬಿಟ್ಟು ನಿಲ್ಲು, ಮಂದಿ ಹಿಟ್ಟಿಗೆ ಕಾಯಾಕ ಹತ್ಯಾರ."

ಆ ಮುದುಕ ಗಿರಣಿ ಕಲ್ಲು ಸವೆದಾಗ ಉಳಿಯಿಂದ ಹಲ್ಲು ಮೂಡಿಸಿಕೊಡುತ್ತಿದ್ದ ಮುಸಲ್ಮಾನ. ಆ ಇಡೀ ದಿನ ಅಕ್ಕ ಅವನನ್ನು ತನ್ನ ಗಿರಣಿಯ ಒಳಗೆ ಕೂಡಿಸಿಕೊಂಡಳು. ಬಜಾರವೆಲ್ಲ ಬಾಗಿಲು ಹಾಕಿತ್ತು. ಅವಳ ಕಲ್ಲು ಮಾತ್ರ ತಿರುಗುತ್ತಿತ್ತು. ಮುಂದಾಳು ಹೊರಗೆ ನಿಂತವರಿಗೆ, ತಾನೇ ಆ ಲಿಂಗ ತರಿಸುವುದಾಗಿ ಭಾಷಣ ಮಾಡಿ ಹೋದ. ಆಮೇಲೆ ಅವನ ಶಾಲಿನ ಅಂಚೂ ಕಾಣಲಿಲ್ಲ.

ದೀಪಾವಳಿ ರಜೆಗೆ ನಾನು, ಅಕ್ಕ ಮುಂಬೈಗೆ ಹೋದೆವು. ನನಗೆ ಹಿಂದಿ ಬರುತ್ತದೆ ಎನ್ನುವುದೊಂದೇ ನಮ್ಮ ಧೈರ್ಯ. ಆ ಪೊಲೀಸ್ ಠಾಣೆಗೆ ಹೋಗಲು ಲೋಕಲ್ ರೈಲನ್ನೇ ಹತ್ತಬೇಕಿತ್ತು. ಅಕ್ಕ ಹತ್ತಿದವಳೇ ಮೇಲಿನ ಹಲಗೆ ನೋಡಿದಳು. ಅಲ್ಲೊಂದು ಚೀಲ ಇತ್ತು. "ಇದು ಯಾರ ಚೀಲಾ?" ಎಂದು ಕನ್ನಡದಲ್ಲೇ ಕೂಗಿದಳು. ಡಬ್ಬಿಯಲ್ಲಿದ್ದ ಹೆಂಗಸರೆಲ್ಲ ಎದ್ದು ನಿಂತುಬಿಟ್ಟರು. ಭಾಷೆ ಗೊತ್ತಿಲ್ಲದಿದ್ದರೂ ಆ ಪ್ರಶ್ನೆ ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಮೀನಿನ ಬುಟ್ಟಿಯವಳೊಬ್ಬಳು ತನ್ನದೆಂದು ಕೈಯೆತ್ತಿ, ಚೀಲ ಇಳಿಸಿ ಮಡಿಲಲ್ಲಿ ಇಟ್ಟುಕೊಂಡಳು. ಬಾಂಬ್ ಇಟ್ಟವನು ಸತ್ತವರನ್ನಷ್ಟೇ ಕೊಂದಿರಲಿಲ್ಲ. ಬದುಕಿದವರಿಗೆ ಪಕ್ಕದವರ ಚೀಲವನ್ನೂ ನೆಮ್ಮದಿಯಿಂದ ನೋಡಲಾರದಂತೆ ಮಾಡಿಹೋಗಿದ್ದ.

ಠಾಣೆಯಲ್ಲಿ ಸಾಹೇಬರು ಕಡತ ತಿರುವಿ ಹಿಂದಿಯಲ್ಲಿ ಓದಿದರು. ಲೋಹದ ಮೊಟ್ಟೆಯಾಕಾರದ ಡಬ್ಬಿ, ದಾರ, ಒಳಗೆ ಗುರುತು ತಿಳಿಯದ ಕಪ್ಪು ಗಟ್ಟಿ ಪದಾರ್ಥ. ಸಂಶಯಾಸ್ಪದ. ಪ್ರಯೋಗಾಲಯಕ್ಕೆ ಕಳಿಸಿದೆ. ಲಿಂಗದ ಕಲ್ಲಿನ ಮೇಲೆ ಕಂತಿ ಎಂಬ ಕಪ್ಪು ಲೇಪ ಇರುತ್ತದೆ. ತಲೆಮಾರುಗಳಿಂದ ನಮ್ಮ ಮಂದಿ ಎದೆಯ ಮೇಲೆ ಹೊತ್ತ ಆ ಲೇಪವನ್ನು ಇವರು ಸಿಡಿಮದ್ದು ಎಂದುಕೊಂಡಿದ್ದರು. ನಾನು ತಿಳಿಸಿ ಹೇಳಿದೆ. ಅವರು, ಆಗಲಿ, ಆದರೆ ಕೋರ್ಟಿನ ಖಟ್ಲೆ ಮುಗಿಯುವವರೆಗೆ ಕೊಡಲು ಬರುವುದಿಲ್ಲ, ಬೇಕಾದರೆ ಫೋಟೋ ಕೊಡಿಸುತ್ತೇನೆ ಎಂದರು.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಕ್ಕ ಎದ್ದು ನಿಂತಳು. ಕೊರಳಿನ ಕರಡಿಗೆ ತೆಗೆದು, ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟು ಸಾಹೇಬರ ಮುಖದ ಮುಂದೆ ಹಿಡಿದಳು. ಪೂಜೆಯ ಹೊತ್ತಲ್ಲದೆ, ಪರರ ಕಣ್ಣ ಮುಂದೆ, ಅವಳು ಅದನ್ನು ಹೊರಗೆ ತೆಗೆದದ್ದನ್ನು ನಾನೆಂದೂ ಕಂಡಿರಲಿಲ್ಲ.

"ನೋಡ್ರಿ! ನನ್ನ ಹತ್ರಾನೂ ಐತಿ. ಇದನ್ನೂ ಜಪ್ತ ಮಾಡ್ರಿ. ನಮ್ಮ ಊರಿಗೆ ಬರ್ರಿ, ಮನಿ ಮನಿಯಾಗ ಅದಾವ. ಎಲ್ಲಾ ಜಪ್ತ ಮಾಡ್ರಿ. ಬಾಂಬ್ ಇಟ್ಟಾವ ಚೀಲ ಹಿಡಕೊಂಡು ರೈಲ ಹತ್ತಿದಾಗ ಎಲ್ಲಿದ್ರಿ ನೀವು? ಅವ್ನ ಚೀಲ ಬಿಚ್ಚಿ ನೋಡಲಿಲ್ಲ, ಸತ್ತಾವನ ಕೊಳ್ಳ ಬಿಚ್ಚಿ ನೋಡೀರಲ್ಲ!"

ಮೂಲೆಯಲ್ಲಿದ್ದ ವಯಸ್ಸಾದ ಪೇದೆಯೊಬ್ಬ ಓಡಿ ಬಂದ. ಅಕ್ಕಲಕೋಟೆ ಕಡೆಯವನು. ಕೈ ಮುಗಿದು, "ಅವ್ವಾ, ಒಳಗ ಇಡ್ರಿ. ನಾನೂ ಕಟ್ಟಿದಾವ, ನನಗ ಗೊತ್ತೈತಿ. ಕೋರ್ಟಿಗೆ ಅರ್ಜಿ ಹಾಕ್ರಿ. ಇಲ್ಲಿ ಯಾರ ಕೈಯಾಗೂ ಇಲ್ಲ" ಎಂದ. ಅವನು ಕನ್ನಡ ಮಾತಾಡಿದ್ದಕ್ಕೋ ಏನೋ, ಮುರಗೋಡದಲ್ಲಿ ಅಳದಿದ್ದ ಅಕ್ಕ ಅಲ್ಲಿ ಬೆಂಚಿನ ಮೇಲೆ ಕುಸಿದು ಅತ್ತಳು. ಸಾಹೇಬರು ನೀರು ತರಿಸಿದರು, ಅವಳು ಮುಟ್ಟಲಿಲ್ಲ.

ಅರ್ಜಿ ಹಾಕಿದೆವು. ಆಮೇಲೆ ನನ್ನ ರಜೆಗಳೆಲ್ಲ ಮುಂಬೈ ದಾರಿಯಲ್ಲೇ ಕಳೆದವು. ವಕೀಲರು ಬದಲಾದರು, ನ್ಯಾಯಾಧೀಶರು ಬದಲಾದರು, ತಾರೀಕಿನ ಮೇಲೆ ತಾರೀಕು ಬಿತ್ತು. ಊರಿನ ಜನ, ಒಂದು ಕಲ್ಲಿಗಾಗಿ ಇಷ್ಟು ಅಡ್ಡಾಡುವುದೇ ಎನ್ನತೊಡಗಿದರು. ಅಂಥವರ ಜೋಳವನ್ನು ಅಕ್ಕ ಬೀಸುತ್ತಿರಲಿಲ್ಲ. "ಕಲ್ಲು ಅಂದೀರಲ್ಲ, ಆ ಬಾಯಿಲೆ ರೊಟ್ಟಿ ಹೆಂಗ ತಿಂತೀರಿ, ನೋಡೂಣು" ಎಂದು ಡಬ್ಬಿ ಹೊರಗಿಡುತ್ತಿದ್ದಳು.

ಕೊನೆಗೆ ಲಿಂಗ ಮರಳಿಸಲು ಕೋರ್ಟಿನ ಹುಕುಂ ಆಯಿತು. ಕಚೇರಿಯ ಕಾರಕೂನ ಅರಗು ಮುದ್ರೆಯ ಲಕೋಟೆ ತಂದು ಮೇಜಿನ ಮೇಲೆ ಕೊಡವಿದ. ಕರಡಿಗೆ ಕೊಯ್ದಿದ್ದರು. ಲಿಂಗ ಎರಡು ಹೋಳಾಗಿತ್ತು. ಕಂತಿಯನ್ನು ಕೆರೆದು ತೆಗೆದು, ಒಳಗಿನ ಕಲ್ಲಿಗೂ ತೂತು ಹಾಕಿದ್ದರು.

ಅಕ್ಕ ಹೋಳುಗಳನ್ನು ಬೆರಳಿನಿಂದ ಹೊರಳಿಸಿ ನೋಡಿದಳು. ಆಮೇಲೆ, "ಒಡದು ನೋಡ್ಯಾರಲ್ಲ, ಒಳಗ ಏನ ಸಿಕ್ತಂತ ಕೇಳು" ಎಂದಳು.

"ಏನೂ ಸಿಕ್ಕಿಲ್ಲಕ್ಕಾ. ಅಪಾಯ ಇಲ್ಲ ಅಂತ ಬರದಾರ."

"ಅದನ್ನ ನಾ ಮೊದಲ ದಿನಾನ ಹೇಳಿದ್ನೆಲ್ಲ!"

ಕಾರಕೂನ ಸಹಿಗೆ ಕಾಗದ ಸರಿಸಿದ. ಏನು ಬರೆದಿದೆ ಓದು ಎಂದಳು ಅಕ್ಕ. ಜಪ್ತಿಯಾದ ಸ್ಥಿತಿಯಲ್ಲೇ ವಸ್ತು ಮರಳಿ ಬಂದಿದೆ, ತಕರಾರು ಇಲ್ಲ ಎಂದು ಬರೆದಿತ್ತು. ನನಗೆ ಹೇಗಾದರೂ ಮುಗಿದರೆ ಸಾಕಾಗಿತ್ತು. ಅಕ್ಕ ಪೆನ್ನು ಮೇಜಿನ ಮೇಲೆ ಇಟ್ಟಳು. "ಒಡದು ಕೊಟ್ಟೇವಿ ಅಂತ ಬರೀರಿ. ಸಹಿ ಮಾಡತೇನಿ." ಹಾಗೆ ಬರೆಯಲು ಬರುವುದಿಲ್ಲ, ಬೇಡವಾದರೆ ಬಿಟ್ಟು ಹೋಗಿ ಎಂದ ಅವನು. ಅಷ್ಟು ವರ್ಷ ಕಾದ ಲಿಂಗ ಕೈಯಳತೆಯಲ್ಲಿತ್ತು. ಒಂದು ಸಹಿ ಹಾಕಿದ್ದರೆ ಅವಳದಾಗುತ್ತಿತ್ತು. ಅವಳು ಹಾಕಲಿಲ್ಲ. ಕಚೇರಿಯ ಬಾಗಿಲಲ್ಲೇ ನೆಲದ ಮೇಲೆ ಕೂತು, ಗಿರಣಿಯ ದನಿಯಲ್ಲಿ, ನಡೆದದ್ದನ್ನೆಲ್ಲ ಕನ್ನಡದಲ್ಲಿ ಹೇಳತೊಡಗಿದಳು. ನಾನು ಪಕ್ಕದಲ್ಲಿ ನಿಂತು ಒಂದೊಂದೇ ಮಾತನ್ನು ಹಿಂದಿಗೆ ತಿರುಗಿಸಿ ಕೂಗಿದೆ. ಮೊದಮೊದಲು ನನಗೆ ನಾಚಿಕೆ. ನಾಲ್ಕು ಮಾತು ಆಡುವಷ್ಟರಲ್ಲಿ ನನ್ನ ದನಿಯೂ ಏರಿತು. ಬೇರೆ ಕೋಣೆಗಳ ಜನ, ಕರಿ ಕೋಟಿನವರು ಬಂದು ಸೇರಿದರು. ಹಿರಿಯ ಅಧಿಕಾರಿಯೊಬ್ಬರು ಹೊರಗೆ ಬಂದು, ಕಾಗದ ತರಿಸಿ, ಪರೀಕ್ಷೆಯ ವೇಳೆ ವಸ್ತು ಒಡೆದಿದೆ ಎಂದು ಸ್ವಂತ ಕೈಯಿಂದ ಬರೆದರು. ಅಕ್ಕ ದೊಡ್ಡ ಕನ್ನಡ ಅಕ್ಷರಗಳಲ್ಲಿ ಸಹಿ ಮಾಡಿದಳು.

ಮುರಗೋಡದ ಅಯ್ಯನವರು ಹೋಳುಗಳನ್ನು ನೋಡಿ ಕಣ್ಣು ಒರೆಸಿಕೊಂಡರು. ಮುಚ್ಚಿದ ಸಮಾಧಿ ತೆರೆಯಲಾಗದು, ಭಿನ್ನವಾದ ಲಿಂಗವನ್ನು ಮಲಪ್ರಭೆಗೆ ಬಿಡು ಎಂದರು. ಅಕ್ಕ ಒಪ್ಪಲಿಲ್ಲ. "ಹೊಳಿ ಪಾಲು ಮಾಡಾಕ ಇಷ್ಟು ದೂರ ತಂದೇನಿ ಏನ್ರಿ?" ಎಂದು ಕೇಳಿ, ಬಿಳಿ ಅರಿವೆಯಲ್ಲಿ ಕಟ್ಟಿ ಮನೆಯ ದೇವರ ಜಗಲಿಯ ಮೇಲೆ ಇಟ್ಟಳು. ಬಾಂಬ್ ಇಟ್ಟವರ ಖಟ್ಲೆ ಇನ್ನೂ ನಡೆಯುತ್ತಲೇ ಇತ್ತು.

ಹಿಟ್ಟಿನ ದೂಳು ಅವಳ ಎದೆಯಲ್ಲಿ ಮನೆ ಮಾಡಿತ್ತು. ಕೆಮ್ಮು ಶುರುವಾಗಿ ಮೆಲ್ಲಗೆ ಆ ದನಿಯನ್ನೇ ತಿಂದುಹಾಕಿತು. ಕೊನೆಯ ವಾರ ನನ್ನನ್ನು ಹತ್ತಿರ ಕರೆದು, ಕಿವಿ ಬಾಯಿಯ ಹತ್ತಿರ ಒಯ್ಯಲು ಹೇಳಿದಳು. "ಅಂವಗ ಲಿಂಗ ಕಟ್ಟೂ ಮುಂದ ಅವ್ವ ಇರಲಿಲ್ಲ. ನನ್ನ ತೊಡಿ ಮ್ಯಾಲ ಕೂಡಿಸಿದ್ರು. ಚಿಟ್ಟನ ಚೀರತಿದ್ದ. ನನ್ನ ಕೂಡಿಸಿದಾಗ ತೊಡಿ ಮ್ಯಾಲ ಅದನ್ನ ಇಡ್ರಿ. ಯಾರರ ಬ್ಯಾಡ ಅಂದ್ರ, ತಂಗಿ, ನೀ ಸುಮ್ಮನಿರಬ್ಯಾಡ."

ಯಾರಾದರೂ ಬೇಡ ಎನ್ನುತ್ತಾರೆಂದು ಅವಳಿಗೆ ಗೊತ್ತೇ ಇತ್ತು. ಮುರಗೋಡದಲ್ಲಿ ತಮ್ಮನ ಪಕ್ಕದಲ್ಲೇ ಕುಣಿ ತೋಡಿದ್ದರು. ಅಕ್ಕನನ್ನು ಕೂಡಿಸಿ, ಅವಳ ಎಡಗೈಯಲ್ಲಿ ಅವಳ ಲಿಂಗವನ್ನಿಟ್ಟರು. ಹಿರಿಯ ಅಯ್ಯನವರು ಆಗ ಇರಲಿಲ್ಲ, ಅವರ ಮಗ ಬಂದಿದ್ದರು. ನಾನು ಅರಿವೆಯ ಗಂಟು ಮುಂದೆ ಹಿಡಿದೆ. ಅವಳ ದಾಯಾದಿಗಳು ಗುಸುಗುಸು ಶುರು ಮಾಡಿದರು. ಒಡೆದದ್ದು, ಅದೂ ಇನ್ನೊಬ್ಬರದು, ಒಂದೇ ಕುಣಿಯಲ್ಲಿ ಎರಡು ಇಡುವ ಪದ್ಧತಿ ಇಲ್ಲ ಎಂದ ಒಬ್ಬ.

"ಪದ್ಧತಿ?" ಎಂದೆ. ನನ್ನ ಬಾಯಿಂದ ಬಂದ ದನಿಗೆ ನಾನೇ ಬೆಚ್ಚಿದೆ. "ಮನಿಗೆ ಹೊಂಟ ಮಂದಿ ತಲಿ ಮ್ಯಾಲ ಬಾಂಬ್ ಇಡೂದು ಯಾವ ಪದ್ಧತಿ? ಸತ್ತಾವನ ಲಿಂಗ ಒಡದು ಲಕೋಟೆದಾಗ ಹಾಕಿ ಕೊಡೂದು ಯಾವ ಪದ್ಧತಿ? ಆಗ ಎಲ್ಲಿದ್ರಿ ನೀವು? ಒಬ್ಬರಾದ್ರೂ ಮುಂಬೈಗೆ ಬಂದ್ರೇನು? ಈಗ ಪದ್ಧತಿ ಹೇಳಾಕ ಬಂದೀರಿ!"

ಕಿರಿಯ ಅಯ್ಯನವರು ಯಾರ ಮುಖವನ್ನೂ ನೋಡಲಿಲ್ಲ. ನನ್ನ ಕೈಯಿಂದ ಗಂಟು ಇಸಿದುಕೊಂಡು, ತಾವೇ ಕುಣಿಗೆ ಇಳಿದು, ಎರಡೂ ಹೋಳುಗಳನ್ನು ಜೋಡಿಸಿ ಅಕ್ಕನ ತೊಡೆಯ ಮೇಲೆ ಇಟ್ಟರು. ಮೇಲೆ ವಿಭೂತಿ ಹಾಕಿದರು. ಜನ ಮಣ್ಣು ಎಳೆಯತೊಡಗಿದರು. ಕುಣಿ ತುಂಬಿ ನೆಲ ಸಮವಾಗುವವರೆಗೂ ನಾನು ಬಯ್ಯುತ್ತಲೇ ಇದ್ದೆ.